ಬರದ ನೆಲದ ಶಾಲೆಯಲ್ಲಿ ಪರಿಸರ ಪಾಠ

ಭಾರತದ ಶಾಲೆಗಳಲ್ಲಿ ಪರಿಸರ ಕಡ್ಡಾಯ ವಿಷಯವಾದದ್ದು ಸುಪ್ರೀಂ ಕೋರ್ಟಿನ ಆದೇಶದಿಂದ. 1976ರ 42ನೇ ತಿದ್ದುಪಡಿಯು ಸಂವಿಧಾನಕ್ಕೆ 51ಎ (ಜಿ) ವಿಧಿಯನ್ನು ಸೇರಿಸಿ ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆ ಪ್ರತಿ ನಾಗರಿಕನ ಕರ್ತವ್ಯ ಎಂದು ಸಾರಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಲ್ಲ ಹಂತದ ಕಲಿಕೆಯಲ್ಲೂ ಪರಿಸರದ ಅರಿವು ಇರಬೇಕೆಂದಿತು. ಎರಡೂ ಕಾಗದದಲ್ಲೇ ಉಳಿದಿದ್ದಾಗ ವಕೀಲ ಎಂ.ಸಿ. ಮೆಹ್ತಾ ನ್ಯಾಯಾಲಯದ ಮೆಟ್ಟಿಲೇರಿದರು. ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಹಂತಹಂತವಾಗಿ ಕಡ್ಡಾಯಗೊಳಿಸಿ ಎಂದು 1991ರ ನವೆಂಬರ್ 22ರಂದು ತೀರ್ಪು ಬಂತು. ಅದು ಸರಿಯಾಗಿ ಜಾರಿಯಾಗದ ಕಾರಣ 2003ರಲ್ಲಿ ನ್ಯಾಯಾಲಯ ಮತ್ತೆ ಮಧ್ಯೆ ಬಂದು ಮಾದರಿ ಪಠ್ಯಕ್ರಮ ಸಿದ್ಧಪಡಿಸುವ ಹೊಣೆಯನ್ನು ಎನ್‌ಸಿಇಆರ್‌ಟಿಗೆ ಒಪ್ಪಿಸಿತು. ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನ ಎಂಬ ಕಡ್ಡಾಯ ಪತ್ರಿಕೆ ಬಂದದ್ದೂ ಈ ದಾರಿಯಲ್ಲೇ.

ಹೀಗೆ ವಿಷಯವೇನೋ ತರಗತಿಯೊಳಗೆ ಬಂತು. ಆದರೆ ಒಂದು ಊರಿನ ನೀರು, ಮಣ್ಣು, ಮರಗಳ ಸ್ಥಿತಿ ಬದಲಾಗಬೇಕಾದರೆ ಶಿಕ್ಷಣ ನೀತಿ ಪಠ್ಯಪುಸ್ತಕದಾಚೆಗೂ ಏನೇನು ಮಾಡಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಅದಕ್ಕೆ ಉತ್ತರ ಹುಡುಕಲು ಕೋಲಾರ ಜಿಲ್ಲೆಗಿಂತ ಕಠಿಣವಾದ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ಎಲ್ಲವೂ ಮಳೆ ಬಂದಾಗ ಮಾತ್ರ ಮೈದುಂಬುವ ಹೊಳೆಗಳು. ವರ್ಷದ ಸರಾಸರಿ ಮಳೆ ಸುಮಾರು 750 ಮಿಲಿಮೀಟರ್, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಇಷ್ಟು ನೀರನ್ನೇ ಹಿಡಿದಿಟ್ಟು ಬದುಕಲು ಹಿಂದಿನವರು ಕಟ್ಟಿಕೊಂಡ ಕೆರೆಗಳು ಈಗಿನ ಜಿಲ್ಲೆಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದ ನೀರು ಕೆಳಗಿನ ಕೆರೆಗೆ ಸೇರುವ ಸರಣಿ ಅದು. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚಲು ನೀರುಗಂಟಿಗಳಿದ್ದರು. ಕೊಳವೆಬಾವಿ ಬಂದ ಮೇಲೆ ಕೆರೆಯ ನೀರಿಗಾಗಿ ಕಾಯುವ ಅಗತ್ಯ ಕಾಣದಾಯಿತು. ಹೂಳು ತುಂಬಿತು, ಕಾಲುವೆಗಳು ಒತ್ತುವರಿಯಾದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕುಗಳು ಅತಿಬಳಕೆಯ ವರ್ಗಕ್ಕೆ ಸೇರಿವೆ. ವರ್ಷದಲ್ಲಿ ನೆಲಕ್ಕೆ ಇಂಗುವ ನೀರಿಗಿಂತ ಮೇಲೆತ್ತುವ ನೀರೇ ಹೆಚ್ಚು ಎಂದು ಇದರ ಅರ್ಥ.

ಆಳಕ್ಕೆ ಇಳಿದಷ್ಟೂ ಇನ್ನೊಂದು ಕಷ್ಟ ಎದುರಾಗುತ್ತದೆ. ಈ ಭಾಗದ ಗಟ್ಟಿ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಆ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂ, ಅದಕ್ಕಿಂತ ಹೆಚ್ಚು ಕೂಡದು ಎನ್ನುತ್ತದೆ ಭಾರತೀಯ ಮಾನಕ. ಇದನ್ನು ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ದೀರ್ಘಕಾಲ ಕುಡಿದರೆ ಮೂಳೆ ಕೀಲುಗಳೂ ಬಿಗಿಯುತ್ತವೆ.

ಶಿಕ್ಷಣ ನೀತಿ ರೂಪಿಸುವವರು ಇಲ್ಲಿ ಗಮನಿಸಲೇಬೇಕಾದ ಸಂಗತಿಯೊಂದಿದೆ. ಹಲ್ಲಿನ ಫ್ಲೋರೋಸಿಸ್ ಆಗುವುದು ಒಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿರುವಾಗ, ಎಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಒಮ್ಮೆ ಮೂಡಿದ ಕಲೆ ಆಮೇಲೆ ಒಳ್ಳೆಯ ನೀರು ಕುಡಿದರೂ ಹೋಗುವುದಿಲ್ಲ. ಎಂಟನೇ ತರಗತಿಯ ವಿಜ್ಞಾನದಲ್ಲಿ ಫ್ಲೋರೈಡ್ ಪಾಠ ಮಾಡುವ ಹೊತ್ತಿಗೆ ಹಾನಿ ಆಗಿ ಹೋಗಿರುತ್ತದೆ. ಆದ್ದರಿಂದ ಕೋಲಾರದ ಮಟ್ಟಿಗೆ ಪರಿಸರ ಶಿಕ್ಷಣದ ಮೊದಲ ಮೆಟ್ಟಿಲು ಅಂಗನವಾಡಿ. ಅಲ್ಲಿ ಪಾಠಕ್ಕಿಂತ ಮುಂಚೆ ಒದಗಬೇಕಾದದ್ದು ಸುರಕ್ಷಿತ ನೀರು, ಜೊತೆಗೆ ತಾಯಂದಿರಿಗೆ ಮಾಹಿತಿ. ಇದನ್ನು ಆರೋಗ್ಯ ಇಲಾಖೆಯ ಕೆಲಸವೆಂದು ಶಿಕ್ಷಣ ಇಲಾಖೆ, ನೀರು ಸರಬರಾಜಿನ ಕೆಲಸವೆಂದು ಆರೋಗ್ಯ ಇಲಾಖೆ ಕೈಬಿಟ್ಟರೆ ಬೆಲೆ ತೆರುವುದು ಮೂರು ವರ್ಷದ ಮಗು.

ಹಳ್ಳಿಹಳ್ಳಿಗೆ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಫ್ಲೋರೈಡನ್ನು ತೆಗೆಯುತ್ತವೆ, ಅವುಗಳಿಂದ ಅನುಕೂಲವಾಗಿರುವುದು ನಿಜ. ಆದರೆ ಈ ಯಂತ್ರಗಳು ಒಳಗೆ ಹೋದ ನೀರಿನಲ್ಲಿ ಗಣನೀಯ ಭಾಗವನ್ನು ಇನ್ನಷ್ಟು ಸಾಂದ್ರವಾದ ಫ್ಲೋರೈಡಿನೊಂದಿಗೆ ಚರಂಡಿಗೆ ಬಿಡುತ್ತವೆ. ನೀರಿನ ಕೊರತೆಯಿರುವ ಜಿಲ್ಲೆಗೆ ಇದು ದುಬಾರಿ ಪರಿಹಾರ. ಇದಕ್ಕಿಂತ ಸರಳವಾದದ್ದು ಶಾಲೆಯ ತಲೆಯ ಮೇಲೇ ಇದೆ, ಮಳೆ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಇರುವುದಿಲ್ಲ. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 750 ಮಿಲಿಮೀಟರ್ ಮಳೆ ಬಿದ್ದರೆ 75,000 ಲೀಟರ್. ಸೋರಿಕೆ, ಆವಿ, ಮೊದಲ ಮಳೆಯ ಕೊಳೆ ನೀರು ಎಂದು ಐದರಲ್ಲೊಂದು ಪಾಲು ಕಳೆದರೂ 60,000 ಲೀಟರ್ ಉಳಿಯುತ್ತದೆ. ಅರವತ್ತು ಮಕ್ಕಳ ಶಾಲೆಯಲ್ಲಿ ತಲೆಗೆ ಎರಡು ಲೀಟರಿನಂತೆ 220 ದಿನಕ್ಕೆ ಬೇಕಾಗುವುದು 26,400 ಲೀಟರ್. ಡಿಸೆಂಬರಿನಿಂದ ಬೇಸಿಗೆ ರಜೆಯವರೆಗಿನ ಒಣ ತಿಂಗಳುಗಳಲ್ಲಿ ಸುಮಾರು ನೂರು ಶಾಲಾ ದಿನಗಳೆಂದುಕೊಂಡರೆ 12,000 ಲೀಟರಿನ ತೊಟ್ಟಿ ಸಾಕು. ಏಳನೇ ತರಗತಿಯ ಮಕ್ಕಳು ಬಿಡಿಸಬಹುದಾದ ಲೆಕ್ಕ ಇದು. ತಮ್ಮದೇ ಶಾಲೆಯ ಚಾವಣಿಯನ್ನು ಟೇಪು ಹಿಡಿದು ಅಳೆದು, ತಮ್ಮದೇ ಊರಿನ ಮಳೆಯನ್ನು ಮಾಪಕದಲ್ಲಿ ಓದಿ ಬಿಡಿಸಿದರೆ ಗಣಿತ, ವಿಜ್ಞಾನ, ಪರಿಸರ ಮೂರೂ ಒಂದೇ ಪಾಠದಲ್ಲಿ ಕೂಡಿಬರುತ್ತವೆ.

ಕರ್ನಾಟಕ ಸರ್ಕಾರಕ್ಕೆ ಈ ದಾರಿ ಹೊಸದೇನಲ್ಲ. ರಾಜ್ಯ ಏಕೀಕರಣದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ‘ಸುವರ್ಣ ಜಲ’ ಯೋಜನೆಯಡಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಚಾವಣಿ ಮಳೆಕೊಯ್ಲು ಅಳವಡಿಸಲು ಹೊರಟ ರಾಜ್ಯವಿದು. ಇಷ್ಟು ದೊಡ್ಡ ಪ್ರಮಾಣದಲ್ಲಿ ಶಾಲೆಗಳ ಚಾವಣಿಯನ್ನು ಕುಡಿಯುವ ನೀರಿಗೆ ಬಳಸುವ ಆಲೋಚನೆ ಆಗ ಬಹಳ ಮುಂದಿನದು. ಆದರೂ ಅನೇಕ ಕಡೆ ಪೈಪು ಒಡೆದು, ಜಲ್ಲಿ ಮರಳಿನ ಸೋಸುಪೆಟ್ಟಿಗೆ ಕಟ್ಟಿಕೊಂಡು, ತೊಟ್ಟಿ ಬಿರುಕುಬಿಟ್ಟು, ಕೆಲವೇ ವರ್ಷಗಳಲ್ಲಿ ವ್ಯವಸ್ಥೆ ನಿಂತುಹೋಯಿತು. ಕಟ್ಟಲು ಹಣವಿತ್ತು, ಕಟ್ಟಿದ್ದನ್ನು ನೋಡಿಕೊಳ್ಳಲು ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಚಾವಣಿ ಗುಡಿಸುವವರು ಯಾರು, ಮೊದಲ ಮಳೆಯ ನೀರನ್ನು ಹೊರಬಿಡುವ ಕವಾಟ ತಿರುಗಿಸುವವರು ಯಾರು, ನೀರನ್ನು ವರ್ಷಕ್ಕೆಷ್ಟು ಸಲ ಪರೀಕ್ಷಿಸಬೇಕು, ಕ್ಲೋರಿನ್ ಹಾಕುವ ಹೊಣೆ ಯಾರದು ಎಂಬುದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಪೈಪು ಮತ್ತು ಪಾಠ ಬೇರೆಬೇರೆ ಉಳಿದವು. ಗುತ್ತಿಗೆದಾರ ಬಂದು ಜೋಡಿಸಿ ಹೋದದ್ದನ್ನು ತರಗತಿಯ ಕಲಿಕೆಗೆ ಯಾರೂ ಸೇರಿಸಲಿಲ್ಲ.

ನೀತಿ ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದ ಜಾಗ ಇದು. ಕರ್ನಾಟಕದ ಪ್ರತಿ ಸರ್ಕಾರಿ ಶಾಲೆಯಲ್ಲೂ ಪೋಷಕರೇ ಹೆಚ್ಚಿರುವ ಎಸ್‌ಡಿಎಂಸಿ, ಎಂದರೆ ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ ಇದೆ. ಅದರ ಕೈಗೆ ದುರಸ್ತಿಗೆಂದೇ ಮೀಸಲಾದ ಸಣ್ಣ ವಾರ್ಷಿಕ ಮೊತ್ತ, ಏಪ್ರಿಲ್‌ನಲ್ಲಿ ಮಾಡಬೇಕಾದ ಕೆಲಸದ ಪಟ್ಟಿ, ಹತ್ತಿರದ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸಿ ಫಲಿತಾಂಶವನ್ನು ಶಾಲೆಯ ಗೋಡೆಯ ಮೇಲೆ ಬರೆಸುವ ನಿಯಮ, ಇಷ್ಟು ಕೊಟ್ಟರೆ ಹಳೆಯ ತೊಟ್ಟಿಗಳಲ್ಲಿ ಎಷ್ಟೋ ಮತ್ತೆ ಬಳಕೆಗೆ ಬರಬಲ್ಲವು. ಹೊಸ ಯೋಜನೆ ಘೋಷಿಸುವುದಕ್ಕಿಂತ ಇದು ಅಗ್ಗ. ಉದ್ಘಾಟನೆಗೆ ಅವಕಾಶವಿಲ್ಲದ್ದರಿಂದ ರಾಜಕೀಯವಾಗಿ ಆಕರ್ಷಕವಲ್ಲ, ಅಷ್ಟೆ.

ಪಾಠದ ಕಡೆಗೆ ಬಂದರೆ, ರಾಜ್ಯಕ್ಕೆಲ್ಲ ಒಂದೇ ಪಠ್ಯಪುಸ್ತಕ. ಆಗುಂಬೆಯ ಮಗುವೂ ಮುಳಬಾಗಿಲಿನ ಮಗುವೂ ನೀರಿನ ಬಗ್ಗೆ ಓದುವುದು ಅದೇ ಪುಟಗಳನ್ನು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಸುತ್ತಲಿನ ಬದುಕಿನಿಂದಲೇ ಪರಿಸರ ಅಧ್ಯಯನ ಶುರುವಾಗಬೇಕೆಂದಿತ್ತು. 1986ರ ನೀತಿಯಿಂದ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಿಗೆ, ಅಂದರೆ ಡಯಟ್‌ಗಳಿಗೆ, ಸ್ಥಳೀಯ ಸಾಮಗ್ರಿ ಸಿದ್ಧಪಡಿಸುವ ಕೆಲಸವೂ ಸೇರಿತ್ತು. ಕೋಲಾರದ ಡಯಟ್ ಪ್ರತಿ ತಾಲ್ಲೂಕಿಗೊಂದು ಪೂರಕ ಪುಸ್ತಕ ತರಲು ಬೇಕಾದ ಅಧಿಕಾರ, ಹಣ, ಬಿಡುವನ್ನು ನೀತಿ ಕೊಡಬೇಕು. ಏಕೆಂದರೆ ಜಿಲ್ಲೆಯ ತಾಲ್ಲೂಕುಗಳೆಲ್ಲ ಒಂದೇ ಥರ ಇಲ್ಲ. ಶ್ರೀನಿವಾಸಪುರ ಮಾವಿನ ತೋಟಗಳ ತಾಲ್ಲೂಕು. ಒಂದೇ ಬೆಳೆಗೆ ಒಂದೇ ಹಂಗಾಮಿನ ಮಾರುಕಟ್ಟೆ, ತೋಟದ ಔಷಧಿ ಸಿಂಪಡಣೆ, ಹೂವಿಗೆ ಬರುವ ಜೇನು ಎಲ್ಲವೂ ಅಲ್ಲಿನ ಪಾಠದ ವಸ್ತು. ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದದ್ದು. ಗೂಡಿಗೆ ಹೋಗುವ ಜೇಡಿಮಣ್ಣು ಎಲ್ಲಿಂದ ಬರುತ್ತದೆ, ಸೌದೆ ಎಲ್ಲಿಂದ ಬರುತ್ತದೆ, ಕೆರೆಯ ಗೋಡು ಹೊಲಕ್ಕೆ ಹೋಗಬೇಕೋ ಗೂಡಿಗೆ ಹೋಗಬೇಕೋ ಎಂದು ಅಲ್ಲಿನ ಮಕ್ಕಳು ಕೇಳಬೇಕು. ಕೋಲಾರ ತಾಲ್ಲೂಕಿಗೆ ಟೊಮೆಟೊ ಮಂಡಿ, ನರಸಾಪುರ, ವೇಮಗಲ್‌ಗಳ ಕೈಗಾರಿಕೆ ಇವೆ. ಆಂಧ್ರದ ಗಡಿಯ ಮುಳಬಾಗಿಲಿನಲ್ಲಿ ಆವಣಿಯಂಥ ಬಂಡೆಬೆಟ್ಟಗಳ ಮೇಲೆ ಬಿದ್ದ ಮಳೆ ಹೇಗೆ ಕೆರೆಗೆ ಇಳಿಯುತ್ತದೆ ಎಂಬುದನ್ನು ಬೆಟ್ಟದ ಬುಡದಲ್ಲಿ ನಿಂತೇ ತೋರಿಸಬಹುದು. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಕೆರೆ, ಬೇಸಾಯದ ತಿಳಿವಳಿಕೆ ಅಜ್ಜ ಅಜ್ಜಿಯರ ಬಳಿ ತೆಲುಗಿನಲ್ಲಿದೆ. ಅದನ್ನು ಕೇಳಿ ಬಂದು ಕನ್ನಡದಲ್ಲಿ ಬರೆಯುವ ಕೆಲಸ ಮಕ್ಕಳಿಗೆ ಭಾಷೆಯ ಪಾಠವೂ ಆಗುತ್ತದೆ.

ಅಂಕ ಸಿಗದ ಕಲಿಕೆಯನ್ನು ಶಾಲೆಗಳು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಇದು ಇಂದಿನ ವಾಸ್ತವ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಅಂಕಗಳಿವೆ, ಕೆಳಗಿನ ತರಗತಿಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನವಿದೆ. ಈ ಅಂಕಗಳು ಅಂಗಡಿಯಿಂದ ತಂದ ಚಿತ್ರ ಅಂಟಿಸಿದ ಚಾರ್ಟಿಗೆ ಹೋಗುವ ಬದಲು ಊರ ಕೆರೆಯ ಸಮೀಕ್ಷೆಗೆ ಹೋಗುವಂತೆ ನಿಯಮ ಬರೆಯುವುದು ಕಷ್ಟವಲ್ಲ. ಏರಿಯ ಉದ್ದ, ತೂಬಿನ ಸ್ಥಿತಿ, ಕಾಲುವೆ ಎಲ್ಲಿ ಮುಚ್ಚಿದೆ, ಯಾವ ತಿಂಗಳು ನೀರು ಎಲ್ಲಿಯವರೆಗಿತ್ತು, ಯಾವ ಹಕ್ಕಿ ಬಂದಿತ್ತು ಎಂದು ಪ್ರತಿ ವರ್ಷದ ಮಕ್ಕಳು ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋದರೆ ಹತ್ತು ವರ್ಷದಲ್ಲಿ ಆ ಕೆರೆಗೆ ಒಂದು ಚರಿತ್ರೆ ಸಿದ್ಧವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗಳಿಗೆ ಬ್ಯಾಗಿಲ್ಲದ ಹತ್ತು ದಿನಗಳನ್ನು ಸೂಚಿಸಿತ್ತು. ಆ ನೀತಿಯನ್ನು ಮೊದಲು ಜಾರಿಗೆ ತಂದು ಆಮೇಲೆ ಬೇರೆ ದಾರಿ ಹಿಡಿದ ಕರ್ನಾಟಕದಲ್ಲಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದೆ. ಯಾವ ನೀತಿ ನಿಂತರೂ ಮಕ್ಕಳು ತರಗತಿಯಿಂದ ಹೊರಗೆ ಹೋಗಲು ವೇಳಾಪಟ್ಟಿಯಲ್ಲೇ ಜಾಗವಿರಬೇಕು. ಶಿಕ್ಷಕರ ಉತ್ಸಾಹವನ್ನೇ ನಂಬಿ ಕೂತರೆ ಒಬ್ಬರ ವರ್ಗಾವಣೆಯೊಂದಿಗೆ ಕೆಲಸವೂ ನಿಲ್ಲುತ್ತದೆ.

ಶಾಲೆಗಳಲ್ಲಿ ಪರಿಸರ ಎಂದರೆ ಸಾಮಾನ್ಯವಾಗಿ ಸಸಿ ನೆಡುವುದು. 1950ರಿಂದ ನಡೆದು ಬಂದಿರುವ ವನಮಹೋತ್ಸವ, 2001ರಿಂದೀಚಿನ ಇಕೋ ಕ್ಲಬ್‌ಗಳು, ಜೂನ್ 5ರ ಪರಿಸರ ದಿನದ ಕಾರ್ಯಕ್ರಮ ಎಲ್ಲವೂ ಅಲ್ಲಿಗೇ ಬಂದು ನಿಲ್ಲುವುದುಂಟು. ಕೋಲಾರದ ಅನುಭವ ಇಲ್ಲಿ ಎಚ್ಚರಿಕೆ ಹೇಳುತ್ತದೆ. ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಈ ಜಿಲ್ಲೆಯ ಒಣಭೂಮಿಯಲ್ಲಿ ರಾಗಿಯ ಜಾಗಕ್ಕೆ ನೀಲಗಿರಿ ಬಂತು. ಕೂಲಿ ಖರ್ಚು ಕಡಿಮೆ, ದನ ಮುಟ್ಟುವುದಿಲ್ಲ, ಕಾರ್ಖಾನೆಗಳಿಂದ ಬೇಡಿಕೆ ಇತ್ತು. ಪಕ್ಕದ ಹೊಸಕೋಟೆಯಲ್ಲಿ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಆಳವಾದ ಮಣ್ಣಿನ ನೀಲಗಿರಿ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿದ್ದು ಕಂಡುಬಂತು. ಮಣ್ಣಿನ ಆಳ ಕಡಿಮೆ ಇದ್ದ ಬೇರೆ ಕಡೆಗಳಲ್ಲಿ ಅದರ ಬಳಕೆ ನಾಡ ಕಾಡಿನಷ್ಟೇ ಇತ್ತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಎಲ್ಲಿ, ಯಾವ ಮರ, ಯಾವ ಮಣ್ಣಿನಲ್ಲಿ, ಯಾವ ಬೆಳೆಯ ಬದಲಿಗೆ ಎಂದು ಕೇಳದೆ ಸಸಿಗಳ ಸಂಖ್ಯೆ ಮಾತ್ರ ಎಣಿಸುವ ಕಾರ್ಯಕ್ರಮವನ್ನು ಪರಿಸರ ಶಿಕ್ಷಣ ಎನ್ನಲಾಗದು. ಊರ ಗುಂಡುತೋಪಿನಲ್ಲಿ ಹಿಂದೆ ಯಾವ ಮರಗಳಿದ್ದವು ಎಂದು ಹಿರಿಯರನ್ನು ಕೇಳಿ, ಹೊಂಗೆ, ಹುಣಸೆ, ಬೇವು, ನೇರಳೆಗಳ ಸಸಿಯನ್ನು ಶಾಲೆಯಲ್ಲೇ ಬೆಳೆಸಿ, ಮೂರು ಬೇಸಿಗೆ ದಾಟಿದ ಗಿಡಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಬಂದರೆ ಅಂಕಿಸಂಖ್ಯೆ ಚಿಕ್ಕದಾದೀತು, ನೆರಳು ದೊಡ್ಡದಾದೀತು.

ವಿವಾದವಿರುವ ಸಂಗತಿಗಳನ್ನು ತರಗತಿಯಿಂದ ದೂರವಿಡುವುದು ಶಾಲೆಗಳ ಹಳೆಯ ಅಭ್ಯಾಸ. ಕೋಲಾರದಲ್ಲಿ ಅದು ಸಾಧ್ಯವಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ಹೈಕೋರ್ಟು ತಡೆ ನೀಡಿತು. 2019ರಲ್ಲಿ ಸುಪ್ರೀಂ ಕೋರ್ಟಿನ ತಡೆಯನ್ನೂ ದಾಟಿ ಯೋಜನೆ ಮುಂದುವರಿಯಿತು. ಒಣಗಿದ್ದ ಕೆರೆಗಳು ತುಂಬಿ, ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದದ್ದು ರೈತರ ಕಣ್ಣೆದುರಿನ ಸತ್ಯ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂಬ ರೈತ ಹೋರಾಟಗಾರರ ಬೇಡಿಕೆಯಲ್ಲೂ ಸತ್ಯವಿದೆ. ಈ ನೀರು ಅಂತರ್ಜಲ ಮರುಪೂರಣಕ್ಕೆ, ಕುಡಿಯಲು ಅಲ್ಲ. ಹಾಗಾದರೆ ಮೂರು ಹಂತಗಳು ಎಂದರೇನು, ಪ್ರತಿ ಹಂತದಲ್ಲಿ ಏನು ಹೋಗುತ್ತದೆ, ಏನು ಉಳಿಯುತ್ತದೆ, ಮಹಾನಗರವೊಂದು ತಾನು ಬಳಸಿ ಬಿಟ್ಟ ನೀರನ್ನು ಯಾವ ಗುಣಮಟ್ಟದಲ್ಲಿ ಹಳ್ಳಿಗೆ ಕೊಡಬೇಕು ಎಂಬ ಪ್ರಶ್ನೆಗಳಲ್ಲಿ ರಸಾಯನಶಾಸ್ತ್ರವೂ ಪೌರನೀತಿಯೂ ಒಟ್ಟಿಗಿವೆ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೆ ಇದನ್ನು ಕಲಿಸುವ ತರಬೇತಿ, ಸರಳ ಪರೀಕ್ಷಾ ಕಿಟ್‌ಗಳು, ಎರಡೂ ಕಡೆಯ ವಾದವನ್ನು ಮಕ್ಕಳ ಮುಂದಿಡುವ ಸ್ವಾತಂತ್ರ್ಯ ಮೂರೂ ಬೇಕು. ಮೂರನೆಯದು ಹೆಚ್ಚು ಅಗತ್ಯ, ಸಿಗುವುದು ಮಾತ್ರ ಅಪರೂಪ.

ಬಿಸಿಯೂಟದ ಅಡುಗೆಮನೆ ಪರಿಸರ ನೀತಿಯ ಇನ್ನೊಂದು ದಾರಿ. ಕೋಲಾರ ಸೀಮೆಯ ಬೆಳೆ ರಾಗಿ, ಮಳೆಯಾಶ್ರಯದಲ್ಲೇ ಬೆಳೆಯುತ್ತದೆ. ಭತ್ತಕ್ಕೆ ಬೇಕಾದಷ್ಟು ನೀರು ಅದಕ್ಕೆ ಬೇಡ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದು, ಫ್ಲೋರೈಡ್ ಪೀಡಿತ ಪ್ರದೇಶದ ಮಕ್ಕಳಿಗೆ ಕ್ಯಾಲ್ಸಿಯಂ ಇರುವ ಆಹಾರ ಕೊಡಬೇಕೆಂಬುದು ವೈದ್ಯರ ಸಲಹೆಯೂ ಹೌದು. 2013ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ಹಾಲಿನೊಂದಿಗೆ ರಾಗಿ ಮಾಲ್ಟ್ ಸರ್ಕಾರಿ ಶಾಲೆಗಳಲ್ಲಿ ಸಿಗುತ್ತಿದೆ. ಆ ರಾಗಿಯನ್ನು ಜಿಲ್ಲೆಯ ರೈತರಿಂದಲೇ ಖರೀದಿಸಿದರೆ ಕಡಿಮೆ ನೀರು ಬೇಡುವ ಬೆಳೆಗೆ ಖಚಿತ ಮಾರುಕಟ್ಟೆ ಒದಗುತ್ತದೆ. ಕೈ ತೊಳೆದ ನೀರು ಹರಿದು ಹೋಗುವಲ್ಲಿ ನಾಲ್ಕು ನುಗ್ಗೆ, ಕರಿಬೇವು, ಬಾಳೆ ನೆಟ್ಟರೆ ಸಾರಿಗೆ ಸೊಪ್ಪೂ ಸಿಗುತ್ತದೆ.

ಶಾಲೆಯ ನಂತರದ ಕಲಿಕೆಯನ್ನೂ ಇಲ್ಲಿ ಸೇರಿಸಬೇಕು. ಕೋಲಾರದ ಟಮಕದಲ್ಲಿ ತೋಟಗಾರಿಕಾ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಜಿಲ್ಲೆಯ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪದವಿಯ ಪರಿಸರ ಪತ್ರಿಕೆಯನ್ನು ಗೈಡ್ ಓದಿ ಪಾಸು ಮಾಡುವ ಬದಲು ವಿದ್ಯಾರ್ಥಿಗಳು ಹತ್ತಿರದ ಹಳ್ಳಿಯ ನೀರಿನ ಲೆಕ್ಕ ತಯಾರಿಸುವಂತಾಗಬೇಕು. ಹನಿ ನೀರಾವರಿ ದುರಸ್ತಿ, ಮಳೆಕೊಯ್ಲು ಅಳವಡಿಕೆ, ಮಾವಿನ ಸಂಸ್ಕರಣೆ, ನೀರು ಪರೀಕ್ಷೆ ಇವನ್ನು ಐಟಿಐ ಮತ್ತು ಪಿಯು ಮಟ್ಟದಲ್ಲಿ ಕಲಿಸಿದರೆ ಊರಿನಲ್ಲೇ ದುಡಿಮೆಯೂ ಸಿಗುತ್ತದೆ, ಶಾಲೆಯ ತೊಟ್ಟಿ ಕೆಟ್ಟಾಗ ರಿಪೇರಿ ಮಾಡುವ ಕೈಯೂ ಸಿಗುತ್ತದೆ.

ಈ ಕಲಿಕೆ ಊರಿನ ತೀರ್ಮಾನಗಳಿಗೆ ತಲುಪಲು ಕಾನೂನಿನಲ್ಲೇ ದಾರಿಗಳಿವೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ ಸೇರಿವೆ. 2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ ಕೋಲಾರ ಜಿಲ್ಲೆಯೂ ಸೇರಿದ್ದು, ಗ್ರಾಮ ಪಂಚಾಯಿತಿಗಳು ಮಳೆ, ಬಳಕೆ, ಬೆಳೆಗಳನ್ನು ಕೂಡಿಸಿ ನೀರಿನ ಆಯವ್ಯಯ ಮಾಡುವ ಕ್ರಮ ಅದರಿಂದ ಬಂತು. ಆ ಲೆಕ್ಕಕ್ಕೆ ಬೇಕಾದ ಮಳೆಯ ಅಳತೆಯನ್ನು ಶಾಲೆಯ ಮಾಪಕ ಕೊಡಬಲ್ಲದು. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಬೇಡಿಕೆಗಳು ಶೌಚಾಲಯ, ಕಾಂಪೌಂಡು, ಆಟದ ಸಾಮಾನುಗಳಿಗೇ ನಿಲ್ಲಬೇಕಿಲ್ಲ. ಕೆರೆಯ ಸಮೀಕ್ಷೆ ಮಾಡಿದ ಏಳನೇ ತರಗತಿಯವರು ಇಂಥ ಸರ್ವೆ ನಂಬರಿನ ಬಳಿ ರಾಜಕಾಲುವೆ ಮುಚ್ಚಿದೆ, ತೂಬಿನ ಕಲ್ಲು ಕುಸಿದಿದೆ, ಶಾಲೆಯ ನೀರಿನಲ್ಲಿ ಫ್ಲೋರೈಡ್ ಇಷ್ಟಿದೆ ಎಂದು ಅಳತೆ ಸಮೇತ ಬರೆದು ಕೊಟ್ಟರೆ ಅದು ಪಂಚಾಯಿತಿಯ ನಡಾವಳಿಯಲ್ಲಿ ದಾಖಲಾಗಬೇಕು, ಕೈಗೊಂಡ ಕ್ರಮವನ್ನು ಮುಂದಿನ ವರ್ಷದ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅದೇ ಮಕ್ಕಳಿಗೆ ಓದಿ ಹೇಳಬೇಕು.